ಸಂಬಂಧ: ತಂಗಿ

ಭಾಲ್ಕಿಯ ಚಂದ್ರಭಾಗಾ ಬಾಯಿ ತೆರೆದರೆ ಸುದ್ದಿ ಬಸ್ಸಿಗಾಗಿ ಕಾಯುತ್ತಿರಲಿಲ್ಲ. ಆಕೆ ತನ್ನ ಅಂಗಳದಲ್ಲಿ ಸೀನಿದರೆ ಅತ್ತ ಔರಾದದಲ್ಲಿ ಮೂರು ಮನೆಯವರು ಕಷಾಯಕ್ಕೆ ನೀರಿಡುತ್ತಿದ್ದರು. ಒಂದೆರಡು ಮನೆ ನಾನೇ ಕಡಿಮೆ ಹೇಳಿರಬಹುದು. ಇಂಥವಳ ಮೂವತ್ತು ವರ್ಷದ ಗೆಳತಿ ಔರಾದದ ಸಿದ್ದೇಶ್ವರಿ, ಸುಬೇದಾರ ವೈಜಿನಾಥನ ಹೆಂಡತಿ. ಗಂಡ ಗಡಿಯಲ್ಲಿರುವಷ್ಟು ದಿನ ಸಿದ್ದೇಶ್ವರಿ ಬರಿ ನೆಲದ ಮೇಲೆ ಮಲಗುತ್ತಿದ್ದಳು. ಆತನಿಗೆ ಹಿಮ, ತನಗೇಕೆ ಗಾದಿ ಎನ್ನುತ್ತಿದ್ದಳು. ಚಂದ್ರಭಾಗಾ ಇದನ್ನು ಜಿಲ್ಲೆಗೆಲ್ಲ ಹೇಳುವಾಗ ಗೆಳತಿಗೆ ಮೇ ತಿಂಗಳಲ್ಲೂ ಸ್ವೆಟರ್ ತೊಡಿಸಿದ್ದಳು.

ಚಂದ್ರಭಾಗಾಳಿಗೆ ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು: ಬೀದರದಲ್ಲಿ ಬಟ್ಟೆ ಹೊಲಿಯುವ ಬದರುನ್ನಿಸಾ. ಕಳೆದ ವರ್ಷವಿಡೀ ಸಿದ್ದೇಶ್ವರಿ ಹದಿನೈದು ದಿನಕ್ಕೊಮ್ಮೆ ಅವಳ ಹತ್ತಿರ ಓಡುತ್ತಿದ್ದಳು. ಕೇಳಿದರೆ, “ಕುಬಸ ಹೊಲಿಸ್ಲಾಕ” ಎನ್ನುತ್ತಿದ್ದಳು. ಒಂದು ಮೈಗೆ ಎಷ್ಟು ಕುಪ್ಪಸ ಬೇಕು? ಆ ಲೆಕ್ಕದಲ್ಲಿ ಇಡೀ ಪಲ್ಟನ್ನಿಗೇ ಹೊಲಿಸಬಹುದಿತ್ತು. ಚಂದ್ರಭಾಗಾಳಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಈಗ ಸಿದ್ದೇಶ್ವರಿ ತೀರಿಕೊಂಡು ಹದಿಮೂರನೆಯ ದಿನ. ಮುತ್ತೈದೆಯಾಗಿ ಹೋದವಳ ಸೀರೆಯನ್ನು ಗೆಳತಿಯೊಬ್ಬಳಿಗೆ ಉಡಿಸುವುದು ಆ ಮನೆಯ ರೀತಿ. ವೈಜಿನಾಥ ಚಂದ್ರಭಾಗಾಳಿಗೆ ಟ್ರಂಕಿನ ಕೀಲಿ ಕೊಟ್ಟು, “ನಿಮಗ ಬೇಕಾದ್ದು ನೀವೇ ತಗೋರಿ ಅಕ್ಕಾ” ಅಂದ. ಬದರುನ್ನಿಸಾ ಅಲ್ಲೇ ಕೂತಿದ್ದಳು. ಅವಳಿಗೆ ಕೇಳಲೆಂದು ಚಂದ್ರಭಾಗಾ ಕೀಲಿಯನ್ನು ಎರಡು ಸಲ ಹೆಚ್ಚಿಗೇ ಝಣಝಣಿಸಿದಳು.

ಒಳಕೋಣೆಯ ಟ್ರಂಕಿನಲ್ಲಿ ಹೊಸ ಕುಪ್ಪಸ ಒಂದೂ ಇರಲಿಲ್ಲ. ಸೀರೆಗಳ ತಳದಲ್ಲಿ ಆಸ್ಪತ್ರೆಯ ಕಾಗದಗಳಿದ್ದವು. ಎಲ್ಲಕ್ಕಿಂತ ಹಳೆಯದು ಹನ್ನೊಂದು ತಿಂಗಳ ಹಿಂದಿನದು. ಹೊಟ್ಟೆಯಲ್ಲಿ ಗಡ್ಡೆ. ಜೊತೆಗೆ ಬಂದವರು: ಬದರುನ್ನಿಸಾ. ರೋಗಿಗೆ ಸಂಬಂಧ: ತಂಗಿ.

ಗಡ್ಡೆ ಎಂಬ ಮಾತನ್ನು ಚಂದ್ರಭಾಗಾ ಒಮ್ಮೆ ಓದಿದಳು. ತಂಗಿ ಎಂಬುದನ್ನು ಮಾತ್ರ ಬಿಟ್ಟೂಬಿಡದೆ ಓದಿದಳು.

ತಲೆಯೆತ್ತಿದರೆ ಬಾಗಿಲಲ್ಲಿ ಬದರುನ್ನಿಸಾ.

“ಯಾವಾಗ ಆದಿ ನೀ ತಂಗಿ?”

“ಯಾರರೆ ಮನಿಯವರು ಸಹಿ ಹಾಕ್ಬೇಕಂದ್ರು ಚಂದ್ರಕ್ಕಾ. ಅಣ್ಣಾವ್ರು ಮ್ಯಾಲ ಹಿಮದಾಗ ಇದ್ರು. ಸುದ್ದಿ ಮುಟ್ಟಿದ್ರ ನೌಕರಿ ಬಿಟ್ಟು ಓಡಿ ಬರ್ತಾರ, ಬಂದ ಮ್ಯಾಲೇ ಹೇಳ್ತೇನಿ ಅಂತ ಅಕ್ಕ ನನ್ನ ಕಡಿಂದ ಆಣಿ, ಕಸಮ್ ತೊಗೊಂಡಿದ್ಳು.”

“ನನಗ ಯಾಕ ಹೇಳ್ಲಿಲ್ಲ?”

ಬದರುನ್ನಿಸಾ ಸೆರಗಿನ ಅಂಚು ತಿರುವಿದಳು. “ಚಂದ್ರಕ್ಕಗ ಹೇಳಿದ್ರ ನಾಳೀಗಿ ಫೌಜಿನ್ಯಾಗ ಹಾಜರಿ ತಗೊಳ್ಳುವಾಗ ಓದ್ತಾರ, ಅಂದಿದ್ಳು. ನಗಕೋಂತನೇ ಅಂದಿದ್ಳ್ರಿ.”

ಅಷ್ಟರಲ್ಲಿ ವೈಜಿನಾಥ ಒಳಗೆ ಬಂದ. ಚಂದ್ರಭಾಗಾ ಕಾಗದಗಳನ್ನೆಲ್ಲ ಕೆಳಗೆ ಹಾಕಿ ಅವುಗಳ ಮೇಲೆ ದೊಪ್ಪನೆ ಕೂತಳು. ಅವಳು ಕೂತರೆ ಕಾಗದವೇನು, ಜಮಖಾನೆಯೂ ಕಾಣುತ್ತಿರಲಿಲ್ಲ.

“ನಾ ರಜಾದ ಮ್ಯಾಲ ಬಂದು ಎಂಟೇ ದಿನದಾಗ ಹೋದ್ಳಲ್ರಿ ಅಕ್ಕಾ,” ಎಂದ ಆತ. “ಈ ಬ್ಯಾನಿ ಮೊದಲೇ ಯಾರಿಗರೆ ಗೊತ್ತಿತ್ತೇನು? ಗೊತ್ತಿದ್ದೂ ನನಗ ಹೇಳದವರಿದ್ರ, ಅವರು ಈ ಹೊಸ್ತಿಲಾ ಮತ್ತ ತುಳಿಬಾರ್ದು.”

ಬದರುನ್ನಿಸಾಳ ಮುಖ ಸುಣ್ಣದಂತಾಯಿತು. ಒಂದು ಮಾತು ಸಾಕಿತ್ತು. ಮುಳ್ಳು ಬೇರುಸಹಿತ ಕಿತ್ತುಬರುತ್ತಿತ್ತು. ಆ ಮಾತು ಚಂದ್ರಭಾಗಾಳ ನಾಲಿಗೆಯ ತುದಿಗೆ ಬಂದು ಕುಣಿಯಿತು. ಆದರೆ ಅದನ್ನು ಆಡಿದರೆ ಸಿದ್ದೇಶ್ವರಿ ತನ್ನ ಬಗ್ಗೆ ಅಂದದ್ದು ನಿಜವಾಗುತ್ತಿತ್ತು. ಅದೂ ಇವಳೆದುರಿಗೆ.

“ಯಾರಿಗೆ ಗೊತ್ತಿರ್ತದ ಅಣ್ಣಾ,” ಅಂದಳು. “ನನಗೇ ಗೊತ್ತಿಲ್ಲಂದ ಮ್ಯಾಲ.”

ವೈಜಿನಾಥ ನಿಧಾನವಾಗಿ ತಲೆಯಾಡಿಸಿದ. ಇದಕ್ಕಿಂತ ಗಟ್ಟಿ ಸಾಕ್ಷಿ ಮೂರು ತಾಲೂಕಿನಲ್ಲೂ ಸಿಗುತ್ತಿರಲಿಲ್ಲ. ಆತ ಹೊರಗೆ ಹೋದ.

ಬದರುನ್ನಿಸಾ ಒದ್ದೆ ಕಣ್ಣಿನಿಂದ ಕಾಗದಗಳಿಗೆ ಕೈ ಚಾಚಿದಳು. ಚಂದ್ರಭಾಗಾ ಕೊಡಲಿಲ್ಲ, ಎಲ್ಲವನ್ನೂ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನೀ ಈ ಗುಟ್ಟು ಹನ್ನೊಂದು ತಿಂಗಳು ಇಟ್ಟಿದ್ದಿ,” ಅಂದಳು. “ನಾ ಸಾಯೋತನಾ ಇಡ್ತೇನಿ. ನೋಡಕೋತ ಇರು.”