ಆರ್ಗಾನ್ ಹರಿಸಿದ ಹೊತ್ತು

ಕುಲುಮೆ ನೋಡಿಕೊಳ್ಳುವ ಚಿಕ್ಕಪ್ಪನಿಗೆ ಆವತ್ತು ಊಟ ಸೇರಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೇ. ಅಲ್ಲಿ ಬ್ಯಾಟರಿಯ ಮೇಲೆ ಕೆಲಸ ಮಾಡುವ ಸಂಶೋಧಕಿಗಂತೂ ಅವರು ಸ್ವಂತ ಚಿಕ್ಕಪ್ಪನಿಗಿಂತ ಒಂದು ಕೈ ಮೇಲು. ಅಂಟಂಟಾದ ಸಿಲಿಕೋನ್ ರಾಳವನ್ನು ಅವಳು ಕೊಡುವುದು, ಇವರು ಅದನ್ನು ಕುಲುಮೆಯ ಕೊಳವೆಯೊಳಗಿಟ್ಟು, ಆರ್ಗಾನ್ ಅನಿಲ ಹರಿಸಿ ಒಳಗಿನ ಗಾಳಿಯನ್ನೆಲ್ಲ ಹೊರಗಟ್ಟಿ, ಸಾವಿರ ಡಿಗ್ರಿಯಲ್ಲಿ ಸುಡುವುದು. ರಾಳ ಕಪ್ಪು ಸೆರಾಮಿಕ್ ಆಗುತ್ತದೆ. ಅರೆದು ತಾಮ್ರದ ಹಾಳೆಗೆ ಬಳಿದರೆ ಅದೇ ಬ್ಯಾಟರಿಯ ಎಲೆಕ್ಟ್ರೋಡ್. ಐನೂರು ಸಲ ಚಾರ್ಜ್ ಮಾಡಿದರೂ ಅದು ಜಗ್ಗುವುದಿಲ್ಲ ಎಂದು ಅವಳು ಪ್ರಕಟಿಸಿಯೂ ಆಗಿತ್ತು.

ಈಗ ಬೇರೊಂದು ಪ್ರಯೋಗಾಲಯದಿಂದ ಕಾಗದ ಬಂದಿದೆ: ನೀವು ಬರೆದಂತೆಯೇ ಮಾಡಿದೆವು, ಪುಡಿ ಬಿಳಿಚಿಕೊಂಡಿತು, ಹತ್ತನೇ ಸಲಕ್ಕೇ ಬ್ಯಾಟರಿ ಮಲಗಿತು. ಇದಕ್ಕೆ ಉತ್ತರ ಕೊಡದಿದ್ದರೆ ಅವಳು ಸುಳ್ಳು ಬರೆದಳೆಂದೇ ಅರ್ಥ.

"ನಾನೇನು ಕಟ್ಟುಕಥೆ ಬರೆದ್ನಾ ಚಿಕ್ಕಪ್ಪ?" ಅವಳ ಕಣ್ಣು ತುಂಬಿತ್ತು.

ಅಯ್ಯೋ, ಇನ್ನು ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಹೇಗೆ!

"ನಿನ್ನ ಚೀಟೀಲಿ ಆರ್ಗಾನ್ ಅರ್ಧ ಗಂಟೆ ಅಂತಿತ್ತು. ನಾನು ಬಿಡ್ತಿದ್ದಿದ್ದು ಒಂದೂವರೆ ಗಂಟೆ."

"ದಾಖಲೆ ಪುಸ್ತಕದಲ್ಲಿ ಅರ್ಧ ಅಂತಲೇ ಇದೆಯಲ್ಲ!"

"ನೀನು ಹೇಳಿದ್ದನ್ನೇ ಬರೆದೆ. ಅಷ್ಟು ಓದಿದವಳಿಗೆ ತಪ್ಪು ಅಂತ ಹೇಗೆ ಹೇಳ್ಲಿ? ಮೊದಲನೇ ಸಲ ಗಾಳಿ ಉಳಿದು ಪುಡಿ ಬೆಳ್ಳಗೆ ಬಂದಾಗ ಎರಡು ದಿನ ಊಟ ಬಿಟ್ಟೆ ನೀನು. ನಂಗೆ ನೋಡಕ್ಕಾಗ್ದೆ ಆಮೇಲಿಂದ ಹೊತ್ತು ಹೆಚ್ಚಿಸಿಬಿಟ್ಟೆ ಕಣೇ."

ಅವಳು ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದಳು. ಎರಡು ದಿನ ಕುಲುಮೆಯ ಕಡೆ ತಲೆ ಹಾಕಲಿಲ್ಲ. ಮುದ್ದು ಮಾಡಲು ಹೋಗಿ ಹುಡುಗಿಯ ಮಾನ ಕಳೆದೆನಲ್ಲ ಎಂದು ಚಿಕ್ಕಪ್ಪ ತಮಗೆ ತಾವೇ ಬೈದುಕೊಂಡರು.

ಮೂರನೆಯ ದಿನ ಅವಳು ತನ್ನ ಲೇಖನಕ್ಕೆ ಬರೆದ ತಿದ್ದುಪಡಿಯ ಹಾಳೆ ಹಿಡಿದು ಬಂದಳು. ಅವರು ಕನ್ನಡಕ ಏರಿಸಿ ಓದಿದರು: 'ಆರ್ಗಾನ್ ಹರಿಸಬೇಕಾದದ್ದು ಒಂದೂವರೆ ಗಂಟೆ. ಇದನ್ನು ಕಂಡುಕೊಂಡವರು ನಮ್ಮ ಕುಲುಮೆಯವರು. ತಪ್ಪು ನನ್ನದು.'

"ನನ್ನ ತಪ್ಪನ್ನ ನೀನ್ಯಾಕೆ ಮೈಮೇಲೆ ಹಾಕ್ಕೊಂಡೆ?"

"ಮೂರು ವರ್ಷ ಚೀಟಿ ಕೊಟ್ಟು ಓಡಿದೆ. ಒಂದು ದಿನವಾದ್ರೂ ನಿಮ್ಮ ಪಕ್ಕ ನಿಂತು ನೋಡಿದ್ನಾ? ಹೇಳಲಿಲ್ಲ ಅಂತ ಸಿಟ್ಟು ಇನ್ನೂ ಇದೆ, ಇರಲಿ. ಇವತ್ತು ಸುಡೋವಾಗ ಪೂರ್ತಿ ಇಲ್ಲೇ ಇರ್ತೀನಿ."

"ಇಡೀ ದಿನ ಹಿಡಿಯುತ್ತೆ. ಕಾಲು ಬಿದ್ದುಹೋಗುತ್ತೆ ಕಣೇ."

"ಬಿದ್ದುಹೋಗ್ಲಿ ಬಿಡಿ."

ಚಿಕ್ಕಪ್ಪ ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲನ್ನು ಎಳೆದು, ಅಂಗಿಯ ತುದಿಯಿಂದಲೇ ಧೂಳು ಒರೆಸಿ, ತಮ್ಮದಕ್ಕೆ ತಾಗಿಸಿ ಇಟ್ಟರು.