ಹಿಮದಲ್ಲಿ ಬಿದ್ದಿದ್ದ ರೈಫಲ್

ವಸುಮತಿಯ ಅಪ್ಪ ಜತ್ತಪ್ಪ ಪುತ್ತೂರಿನ ಖಾಸಗಿ ಬಸ್ಸುಗಳ ಗ್ಯಾರೇಜೊಂದರಲ್ಲಿ ಆಯುಷ್ಯವಿಡೀ ಮೆಕ್ಯಾನಿಕ್ ಆಗಿದ್ದವರು. ಕೆಟ್ಟು ನಿಂತ ಬಸ್ಸನ್ನು ಎಳೆದು ತಂದರೆ ಎಂಜಿನಿಗೆ ಕೈ ಹಾಕುವ ಮೊದಲು ಅವರು ಡ್ರೈವರನ್ನು ಕರೆದು ಬೈಯುತ್ತಿದ್ದರು. ಯಂತ್ರ ತಾನಾಗಿ ನಿಲ್ಲುವುದಿಲ್ಲ, ನೋಡಿಕೊಳ್ಳಬೇಕಾದವನು ಸರಿಯಾಗಿ ನೋಡಿಕೊಳ್ಳದಿದ್ದರೆ ಮಾತ್ರ ನಿಲ್ಲುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಎಷ್ಟೋ ಡ್ರೈವರುಗಳನ್ನು ತಲೆ ತಗ್ಗಿಸುವಂತೆ ಮಾಡಿದ ಈ ಮಾತು ಕೊನೆಗೆ ಅವರ ಸ್ವಂತ ಮಗನ ಮೇಲೆಯೇ ಬಂದು ಬಿತ್ತು.

ಮಗ ಗಿರಿಧರ ಸೇನೆಯ ಕಾಲಾಳು ಪಡೆಯಲ್ಲಿದ್ದ. ಹದಿನಾರು ವರ್ಷಗಳ ಹಿಂದೆ, ಕಾಶ್ಮೀರದ ಗಡಿಯ ಹತ್ತಿರ ಹಿಮ ಕವಿದ ಕಾಡಿನಲ್ಲಿ ಗಸ್ತು ಹೋಗಿದ್ದಾಗ, ಗುಂಡು ತಾಗಿ ತೀರಿಕೊಂಡ. ಆಗ ಮನೆ ಸವಣೂರಿನಲ್ಲಿತ್ತು. ಶವದ ಪೆಟ್ಟಿಗೆಯ ಜೊತೆಗೆ ಬಂದ ಸೈನಿಕರು ಮರ್ಯಾದೆಯಿಂದ ನಡೆದುಕೊಂಡರು. ರಸ್ತೆಯ ಎರಡೂ ಬದಿಯಲ್ಲಿ ಜನ ನಿಂತು ಹೂವು ಹಾಕಿದರು. ಆ ದಿನ ಜತ್ತಪ್ಪ ಎದೆ ಸೆಟೆಸಿಯೇ ನಿಂತಿದ್ದರು. ಕೆಲವು ತಿಂಗಳ ಮೇಲೆ ಪಿಂಚಣಿಯ ಕೆಲಸಕ್ಕೆಂದು ಒಂದು ಕಚೇರಿಗೆ ಹೋಗಿದ್ದಾಗ ಅಲ್ಲಿನ ಗುಮಾಸ್ತನೊಬ್ಬ ಮಾತಿನ ನಡುವೆ, ಯಾವ ಕೆಟ್ಟ ಮನಸ್ಸೂ ಇಲ್ಲದೆ, ಒಂದು ವಿಷಯ ಬಾಯಿ ಬಿಟ್ಟ. ಗಿರಿಧರನ ರೈಫಲ್ ಜಾಮ್ ಆಗಿತ್ತಂತೆ. ಬಿಚ್ಚಿ ನೋಡಿದಾಗ ಒಳಗೆ ತುಕ್ಕು ಕಂಡಿತಂತೆ. ಆಯುಧದ ನಿರ್ವಹಣೆ ಸರಿ ಇರಲಿಲ್ಲ ಎಂದು ವಿಚಾರಣೆಯಲ್ಲಿ ಬರೆದಿದ್ದಾರಂತೆ.

ಜತ್ತಪ್ಪ ಮನೆಗೆ ಬಂದು ಇದನ್ನು ಹೆಂಡತಿಗೂ ಮಗಳಿಗೂ ಒಂದೇ ಸಲ ಹೇಳಿದರು. ಮತ್ತೆ ಆ ವಿಷಯ ಎತ್ತಲಿಲ್ಲ. ಸ್ವಾತಂತ್ರ್ಯೋತ್ಸವದ ದಿನ ಶಾಲೆಯವರು ಸನ್ಮಾನಕ್ಕೆ ಕರೆದರೆ ಮೈಗೆ ಹುಷಾರಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಹೆಂಡತಿ ಹೋದ ಮೇಲೆ, ಮದುವೆಯಾಗಿ ಪುತ್ತೂರಿನಲ್ಲಿದ್ದ ವಸುಮತಿ ಅವರನ್ನು ತನ್ನ ಮನೆಗೆ ಕರೆದುಕೊಂಡು ಬಂದಳು. ಅಲ್ಲಿಯೂ ಅಷ್ಟೇ. ತಮ್ಮನ ಸುದ್ದಿ ಬಂದರೆ ಅಪ್ಪ ಎದ್ದು ಅಂಗಳಕ್ಕೆ ಹೋಗುತ್ತಿದ್ದರು.

ವಸುಮತಿ ಆ ಮಾತನ್ನು ನಂಬಿರಲಿಲ್ಲ. ಚಿಕ್ಕಂದಿನಲ್ಲಿ ಇಬ್ಬರೂ ಗ್ಯಾರೇಜಿಗೆ ಅಪ್ಪನ ಬುತ್ತಿ ಕೊಂಡುಹೋಗುತ್ತಿದ್ದ ದಿನಗಳಲ್ಲಿ ಗಿರಿ ಒಂದೊಂದು ಸ್ಪ್ಯಾನರನ್ನೂ ಒರೆಸಿ ಇಡುತ್ತಿದ್ದದ್ದು ಅವಳಿಗೆ ನೆನಪಿತ್ತು. ಆದರೂ ಒಮ್ಮೊಮ್ಮೆ ಮನಸ್ಸು ಹೊಯ್ದಾಡುತ್ತಿತ್ತು. ರಜೆಯಲ್ಲಿ ಬಂದಾಗ ಉಂಡ ಬಟ್ಟಲನ್ನು ತೊಳೆಯದೆ ಹಾಗೆಯೇ ಬಿಟ್ಟು ಏಳುತ್ತಿದ್ದವನೂ ಅವನೇ. ಯಾರಿಗೆ ಗೊತ್ತು ಎಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟಾಗುತ್ತಿದ್ದಳು.

ಅವಳು ಪೇಟೆಯಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಳು. ಪಕ್ಕದಲ್ಲೇ ಹಾರ್ಡ್‌ವೇರ್ ಅಂಗಡಿಯ ರವೂಫ್, ಸೇನೆಯಲ್ಲಿದ್ದು ನಿವೃತ್ತರಾಗಿ ಬಂದವರು. ಹಳೆಯ ರೈಫಲನ್ನು ತೆಗೆದು ಹೊಸತನ್ನು ಕೊಡುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಿದ್ದ ಕಾಲ ಅದು. ಕೆಲವು ಪಡೆಗಳಿಗೆ ಸಿಕ್ಕಿತ್ತು, ಕೆಲವಕ್ಕೆ ಇನ್ನೂ ಇಲ್ಲ. ಎಲ್ಲರಿಗೂ ಹೊಸತೇ ಬೇಕಾ, ಹಳೆಯದನ್ನೇ ತಿದ್ದಿದರೆ ಸಾಕಾ ಎಂಬ ಬಗ್ಗೆ ಮಾಜಿ ಸೈನಿಕರ ಸಂಘದವರು ಭಾನುವಾರ ಬೆಳಿಗ್ಗೆ ಒಂದು ಚರ್ಚೆ ಇಟ್ಟುಕೊಂಡಿದ್ದಾರೆ, ಬರಬಹುದು ಎಂದು ರವೂಫ್ ಅವಳನ್ನು ಕರೆದರು. ಗಿರಿಧರ ಸೇನೆಯಲ್ಲಿ ತೀರಿಕೊಂಡವನು ಎಂದಷ್ಟೇ ಅವರಿಗೆ ಗೊತ್ತು, ಉಳಿದದ್ದು ಗೊತ್ತಿರಲಿಲ್ಲ. ವಸುಮತಿ ಅಪ್ಪನಿಗೆ ಹೇಳದೆ ಹೋದಳು.

ಮೊದಲು ಮಾತಾಡಿದವರು ನಿವೃತ್ತ ಮೇಜರ್ ಕೃಷ್ಣಮೋಹನ. ಬಿಳಿ ಅಂಗಿ, ಮೆಲುದನಿ, ಅಳೆದು ತೂಗಿದ ಮಾತು. ರೈಫಲ್ ಬದಲಾಯಿಸುವುದೆಂದರೆ ಒಂದು ಕೋವಿಯನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡಂತಲ್ಲ ಎಂದರು. ಗುಂಡು ಬದಲಾಗುತ್ತದೆ, ಬಿಡಿಭಾಗ ಬದಲಾಗುತ್ತದೆ, ಲಕ್ಷಾಂತರ ಜವಾನರಿಗೆ ಮತ್ತೆ ತರಬೇತಿ ಕೊಡಬೇಕಾಗುತ್ತದೆ. ಅರ್ಧ ಪಡೆಗೆ ಒಂದು, ಅರ್ಧ ಪಡೆಗೆ ಇನ್ನೊಂದು ಎಂದಾದರೆ ಬೇಕಾದ ಹೊತ್ತಿಗೆ ಬೇಕಾದ ಗುಂಡು ಬರುವುದಿಲ್ಲ. ಜವಾನನ ಜೀವ ಉಳಿಸಬೇಕಿದ್ದರೆ ಮೊದಲು ಎಲ್ಲರಿಗೂ ಒಳ್ಳೆಯ ಗುಂಡುನಿರೋಧಕ ಕವಚ ಕೊಡಲಿ, ಕತ್ತಲಲ್ಲಿ ಕಾಣುವ ಸಾಧನ ಕೊಡಲಿ. ಸಭೆಯಲ್ಲಿ ಹಲವರು ತಲೆದೂಗಿದರು. ವಸುಮತಿಗೂ ಅದು ಸರಿ ಎಂದೇ ಕಂಡಿತು. ಆದರೆ ಕೊನೆಗೆ ಅವರು, ತಮ್ಮ ಅನುಭವದಲ್ಲಿ ರೈಫಲ್ ನಿಂತ ಪ್ರಕರಣಗಳಲ್ಲಿ ಹೆಚ್ಚಿನವು ಜವಾನ ಅದನ್ನು ಚೊಕ್ಕ ಇಟ್ಟುಕೊಳ್ಳದ್ದರಿಂದ ಆದವು ಎಂದರು. ತಮ್ಮನ ಬಗ್ಗೆ ಬರೆದದ್ದೂ ಇದೇ ಮಾತಾಗಿತ್ತು.

ಅನಂತರ ಎದ್ದವರು ಸುಳ್ಯ ಕಡೆಯ ಮೇದಪ್ಪ. ಹವಾಲ್ದಾರರಾಗಿ ನಿವೃತ್ತರಾದವರು. ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದರು. ಅವರಿಗೆ ಭಾಷಣ ಮಾಡಿ ಅಭ್ಯಾಸವಿದ್ದಂತೆ ಕಾಣಲಿಲ್ಲ. ಮೇಜರ್ ಸಾಹೇಬರು ಹೇಳಿದ ಖರ್ಚು, ತೊಂದರೆ ಎಲ್ಲ ನಿಜ ಎಂದು ಒಪ್ಪಿಕೊಂಡೇ ಶುರು ಮಾಡಿದರು. ತಮಗೆ ಹೇಳಲಿಕ್ಕಿರುವುದು ಒಂದೇ ಎಂದರು.

“ಕೈಯಲ್ಲಿರುವ ಕೋವಿಯ ಮೇಲೆ ನಂಬಿಕೆ ಇಲ್ಲದವ ಎರಡು ಸಲ ಯೋಚನೆ ಮಾಡ್ತಾನೆ. ಅಲ್ಲಿ ಒಂದು ಸಲ ಯೋಚನೆ ಮಾಡ್ಲಿಕ್ಕೆ ಮಾತ್ರ ಸಮಯ ಇರುದು. ನನ್ನ ಕಣ್ಣೆದುರೇ ಹಾಗೆ ಆಗಿದೆ. ಅದಕ್ಕೇ ಬದಲಾಯಿಸಿ ಅಂತ ಹೇಳುದು.”

ಪ್ರಶ್ನೆ ಕೇಳುವವರು ಕೇಳಬಹುದು ಎಂದಾಗ ವಸುಮತಿ ಎದ್ದು ನಿಂತಳು. ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ತಾನು ಸವಣೂರಿನ ಗಿರಿಧರನ ಅಕ್ಕ, ಅವನ ರೈಫಲಿನ ಬಗ್ಗೆಯೂ ಹಾಗೆಯೇ ಬರೆದಿದ್ದಾರೆ ಎಂದಳು. ನಿರ್ವಹಣೆ ಸರಿಯಿಲ್ಲ ಎಂದು ಬರೆಯುವ ಮೊದಲು ಅವನ ಜೊತೆಗಿದ್ದವರನ್ನು ಯಾರಾದರೂ ಕೇಳುತ್ತಾರಾ ಎಂದು ಮೇಜರರನ್ನು ಕೇಳಿದಳು.

ಮೇಜರ್ ಉತ್ತರ ಕೊಡುವ ಮೊದಲೇ ಮೇದಪ್ಪ ಕುರ್ಚಿಯಿಂದ ಎದ್ದಿದ್ದರು. ಅವಳನ್ನೇ ನೋಡುತ್ತಾ ವೇದಿಕೆಯ ಮೆಟ್ಟಿಲನ್ನು ನಿಧಾನಕ್ಕೆ ಇಳಿದು ಅವಳ ಹತ್ತಿರ ಬಂದರು.

“ಅಪ್ಪ ಇದ್ದಾರಾ, ಅಮ್ಮಾ?” ಎಂದು ಕೇಳಿದರು.

ಇದ್ದಾರೆ ಎಂದಳು.

“ಹಾಗಾದರೆ ಅವರ ಎದುರೇ ಹೇಳ್ತೇನೆ. ಗಿರಿ ನನ್ನ ಸೆಕ್ಷನಿನವ, ನನ್ನ ಕೈಕೆಳಗೇ ಇದ್ದವ.”

ರವೂಫ್ ತಮ್ಮ ಕಾರಿನಲ್ಲಿ ಇಬ್ಬರನ್ನೂ ಮನೆಗೆ ಬಿಟ್ಟು, ಒಳಗೆ ಬರದೆ ಹಾಗೆಯೇ ಹೋದರು. ಜತ್ತಪ್ಪ ಜಗಲಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಬಂದವರು ಯಾರೆಂದು ಮಗಳು ಹೇಳಿದಾಗ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. ಕುಳಿತುಕೊಳ್ಳಿ ಎನ್ನಲಿಲ್ಲ. ಕುಡಿಯಲು ನೀರು ಬೇಕಾ ಎಂದೂ ಕೇಳಲಿಲ್ಲ.

“ರೈಫಲಿನ ಒಳಗೆ ತುಕ್ಕು ಇತ್ತಾ, ಇಲ್ಲವಾ?” ಎಂದರು.

“ಇತ್ತು” ಎಂದರು ಮೇದಪ್ಪ.

ಜತ್ತಪ್ಪ ಮುಖವನ್ನು ಬೇರೆ ಕಡೆಗೆ ತಿರುಗಿಸಿದರು. ವಸುಮತಿಗೆ ಈ ಮನುಷ್ಯನನ್ನು ಯಾಕಾದರೂ ಕರೆದುಕೊಂಡು ಬಂದೆನೋ ಎನ್ನಿಸಿತು.

“ಅದು ಎರಡು ದಿನ ಹಿಮದಲ್ಲಿ ಬಿದ್ದಿತ್ತು ಜತ್ತಪ್ಪಣ್ಣ. ಗಿರಿಯೂ ಅಲ್ಲಿಯೇ ಇದ್ದ. ಆ ಕಡೆಯಿಂದ ಗುಂಡು ನಿಲ್ಲಲಿಲ್ಲ, ಮೇಲಿಂದ ಹಿಮ ಬೀಳ್ತಾ ಇತ್ತು. ಹತ್ತಿರ ಹೋಗ್ಲಿಕ್ಕೆ ಯಾರಿಗೂ ಆಗಲಿಲ್ಲ. ಅವನನ್ನು ತಂದ ಮೇಲೆಯೇ ರೈಫಲನ್ನೂ ತಂದದ್ದು.”

ಜತ್ತಪ್ಪ ಮೆಲ್ಲಗೆ ಮುಖವನ್ನು ಮತ್ತೆ ಈ ಕಡೆಗೆ ತಿರುಗಿಸಿದರು. ಅಪ್ಪನ ಕಣ್ಣು ಸಣ್ಣದಾದದ್ದನ್ನು ವಸುಮತಿ ನೋಡಿದಳು. ಗ್ಯಾರೇಜಿನಲ್ಲಿ ಎಂಜಿನಿನ ಸದ್ದಿಗೆ ಕಿವಿಕೊಟ್ಟು ನಿಲ್ಲುತ್ತಿದ್ದಾಗ ಅವರ ಮುಖ ಹೀಗೆಯೇ ಇರುತ್ತಿತ್ತು.

“ಎರಡು ದಿನ ಹಿಮದಲ್ಲಿ ಬಿದ್ದ ಕಬ್ಬಿಣಕ್ಕೆ ತುಕ್ಕು ಬಾರದೆ ಇರ್ತದಾ?” ಎಂದರು. ಅದನ್ನು ಅವರು ಮೇದಪ್ಪನಿಗೆ ಹೇಳಿದಂತಿರಲಿಲ್ಲ. ಮತ್ತೆ ಅವರ ಕಡೆಗೆ ನೋಡಿ, “ಹಾಗಾದರೆ ಮೊದಲು ನಿಂತದ್ದು ಎಂತಕ್ಕೆ?” ಎಂದು ಕೇಳಿದರು.

ಮೇದಪ್ಪ ಆಗ ತಾವಾಗಿಯೇ ಒಂದು ಕುರ್ಚಿ ಎಳೆದುಕೊಂಡು ಕೂತು ನಡೆದದ್ದನ್ನೆಲ್ಲ ಹೇಳಿದರು. ಗಸ್ತಿಗೆ ಹೊರಡುವ ಮೊದಲು ಗಿರಿ ರೈಫಲನ್ನು ಬಿಚ್ಚಿ ಒರೆಸಿ ಜೋಡಿಸಿದ್ದ. ಅದನ್ನು ಪರೀಕ್ಷಿಸಿ ಸರಿ ಉಂಟು ಎಂದದ್ದು ಮೇದಪ್ಪನೇ. ಕಾಡಿನಲ್ಲಿ ಗುಂಡಿನ ಕಾಳಗ ಶುರುವಾದಾಗ ಗಿರಿ ಎಲ್ಲರಿಗಿಂತ ಮುಂದಿದ್ದ. ಎರಡು ಗುಂಡು ಹಾರಿದವು. ಮೂರನೆಯದು ಹಾರಲಿಲ್ಲ. ಹಾರಿದ ಗುಂಡಿನ ಖಾಲಿ ಕೊಳವೆ ಹೊರಗೆ ಬೀಳದೆ ಒಳಗೇ ಸಿಕ್ಕಿಹಾಕಿಕೊಂಡಿತ್ತು. ಅವನು ಮರದ ಮರೆಗೆ ಸರಿದು, ಕಲಿಸಿದ್ದ ಹಾಗೆಯೇ ಎಳೆದು ಬಿಡಿಸಲು ನೋಡಿದ. ಅಷ್ಟರೊಳಗೆ ಗುಂಡು ತಾಗಿತು. ಅವನ ಕಡೆಗೆ ತೆವಳುತ್ತಿದ್ದ ಮೇದಪ್ಪನ ತೊಡೆಗೂ ಗುಂಡು ಬಿತ್ತು. ಅದೇ ಚಳಿಗಾಲದಲ್ಲಿ ಮೇದಪ್ಪನ ರೈಫಲೂ ಒಮ್ಮೆ ಹೀಗೆಯೇ ನಿಂತಿತ್ತು, ಇನ್ನೊಬ್ಬ ಜವಾನನದ್ದೂ ನಿಂತಿತ್ತು. ಮೇಲಿನವರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದರು. ಅವರಿಬ್ಬರೂ ಬದುಕಿ ಉಳಿದದ್ದರಿಂದ ಅದು ಅಲ್ಲಿಗೇ ಮುಗಿದಿತ್ತು. ವಿಚಾರಣೆ ನಡೆದಾಗ ಮೇದಪ್ಪ ಆಸ್ಪತ್ರೆಯಲ್ಲಿದ್ದರು. ಅವರ ಹೇಳಿಕೆಯನ್ನು ಬರೆದುಕೊಳ್ಳುವ ಹೊತ್ತಿಗೆ ತೀರ್ಮಾನ ಆಗಿ ಹೋಗಿತ್ತು.

“ಇಷ್ಟು ವರ್ಷ ನೀವು ಎಲ್ಲಿದ್ದಿರಿ?” ಜತ್ತಪ್ಪನ ದನಿ ಗಡುಸಾಗಿತ್ತು.

ನಿವೃತ್ತನಾಗಿ ಬಂದ ಮೇಲೆ ಒಮ್ಮೆ ಸವಣೂರಿಗೆ ಹೋಗಿದ್ದೆ ಎಂದರು ಮೇದಪ್ಪ. ಮನೆಗೆ ಬೀಗ ಹಾಕಿತ್ತು. ಮಗನ ಮೇಲೆ ಹೀಗೊಂದು ಅಪವಾದ ಹೊತ್ತುಕೊಂಡು ಒಂದು ಕುಟುಂಬ ಬದುಕುತ್ತಿದೆ ಎಂದು ತಿಳಿದಿದ್ದರೆ ಆ ದಿನವೇ ಹುಡುಕಿಕೊಂಡು ಬರುತ್ತಿದ್ದೆ, ವೀರನ ಮನೆಯವರಾಗಿ ಮರ್ಯಾದೆಯಿಂದ ಇದ್ದಾರೆ ಎಂದೇ ತಿಳಿದುಕೊಂಡಿದ್ದೆ ಎಂದರು.

ಜತ್ತಪ್ಪ ಮತ್ತೆ ಕೇಳಿದರು: “ಹೊಸ ರೈಫಲ್ ಇರ್ತಿದ್ದರೆ ಅವ ಬದುಕ್ತಿದ್ದನಾ?”

“ಗೊತ್ತಿಲ್ಲ ಜತ್ತಪ್ಪಣ್ಣ. ಗೊತ್ತುಂಟು ಅಂತ ಹೇಳಿದರೆ ಸುಳ್ಳಾಗ್ತದೆ. ಮೂರನೇ ಗುಂಡು ಹಾರಿಸ್ಲಿಕ್ಕೆ ಆಗ್ತಿತ್ತು. ನನಗೆ ಅಷ್ಟೇ ಗೊತ್ತು.”

ಆ ಮಾತಿನ ಮೇಲೆ ಜತ್ತಪ್ಪ ಎದ್ದರು. ಅಪ್ಪ ಅಂಗಳಕ್ಕೆ ಹೋಗುತ್ತಾರೆ ಎಂದುಕೊಂಡಳು ವಸುಮತಿ. ಅವರು ಹೋಗಲಿಲ್ಲ. ಮೇದಪ್ಪನ ಹತ್ತಿರ ಬಂದು, ಗುಂಡು ತಾಗಿದ್ದ ಆ ಕಾಲಿನ ಮೇಲೆ ಕೈಯಿಟ್ಟು, ಈಗಲೂ ನೋವು ಉಂಟಾ ಎಂದು ಕೇಳಿದರು. ಮಳೆಗಾಲದಲ್ಲಿ ಸ್ವಲ್ಪ ಎಂದರು ಮೇದಪ್ಪ. ಸತ್ತ ಮಗನನ್ನು ಮನಸ್ಸಿನಲ್ಲಿ ಬೈಯದ ದಿನವಿಲ್ಲ ಎಂದು ಹೇಳುತ್ತ ಜತ್ತಪ್ಪ ಅತ್ತರು. ಅವರು ಅಳುವುದನ್ನು ವಸುಮತಿ ಅಮ್ಮ ಸತ್ತಾಗಲೂ ನೋಡಿರಲಿಲ್ಲ. ಅವಳು ಒಳಗೆ ಹೋಗಿ ಅಕ್ಕಿ ಹಾಕಿ ಒಲೆ ಹೊತ್ತಿಸಿದಳು. ಆ ಮಧ್ಯಾಹ್ನ ಮೇದಪ್ಪ ಅಲ್ಲಿಯೇ ಉಂಡರು. ಊಟದ ನಡುವೆ ಗಿರಿಯ ಸುದ್ದಿ ಬಂತು. ಅವನಿಗೆ ಬಂಗುಡೆ ಅಂದರೆ ಎಷ್ಟು ಇಷ್ಟ, ಅಲ್ಲಿ ಮೀನು ಸಿಗದೆ ಹೇಗೆ ಗೊಣಗುತ್ತಿದ್ದ ಎಂದು ಮೇದಪ್ಪ ಹೇಳಿದರು. ಜತ್ತಪ್ಪ ಎದ್ದು ಹೋಗದೆ ಕೇಳಿಸಿಕೊಂಡರು.

ಕೆಲವು ದಿನಗಳಲ್ಲಿ ಮೇಜರ್ ಕೃಷ್ಣಮೋಹನ ಹೊಲಿಗೆ ಅಂಗಡಿಗೆ ಬಂದರು. ಸಭೆಯಲ್ಲಿ ತಾವು ಹೇಳಿದ್ದು ಕಡತಗಳಲ್ಲಿ ಓದಿದ್ದರ ಮೇಲೆ ಎಂದರು. ರೈಫಲಿನ ದೋಷ ಎಂದು ಬರೆದರೆ ಅದು ಎಷ್ಟೋ ಮೇಜುಗಳನ್ನು ದಾಟಬೇಕು, ಉತ್ತರ ಕೊಡಬೇಕು. ಜವಾನನ ದೋಷ ಎಂದರೆ ಆ ಪುಟದಲ್ಲೇ ಮುಗಿಯುತ್ತದೆ. ಹಾಗೆ ಮುಗಿದವು ಎಷ್ಟಿರಬಹುದು ಎಂದು ಆ ದಿನದಿಂದ ಯೋಚಿಸುತ್ತಿದ್ದೇನೆ ಎಂದರು. ಎಲ್ಲ ಪಡೆಗೂ ಹೊಸ ರೈಫಲ್ ಬೇಕು ಎಂಬುದನ್ನು ಅವರು ಆಗಲೂ ಒಪ್ಪಲಿಲ್ಲ, ಒಪ್ಪಿದೆ ಎಂದು ಅವಳ ಎದುರು ನಟಿಸಲೂ ಇಲ್ಲ. ಆದರೆ ಮೇದಪ್ಪನ ಜೊತೆ ಕೂತು ಗಿರಿಧರನ ಬಗ್ಗೆ ಮೇಲಿನವರಿಗೆ ಬರೆದರು. ಎಷ್ಟೋ ತಿಂಗಳ ಮೇಲೆ ಉತ್ತರ ಬಂತು. ಮುಗಿದ ವಿಚಾರಣೆಯನ್ನು ಮತ್ತೆ ತೆರೆಯಲು ಬರುವುದಿಲ್ಲ, ಹವಾಲ್ದಾರರ ಹೇಳಿಕೆಯನ್ನು ಕಡತಕ್ಕೆ ಸೇರಿಸಲಾಗಿದೆ, ಅಷ್ಟೇ. ವಸುಮತಿಗೆ ಸಾಲದು ಎನ್ನಿಸಿತು. ಇಂಗ್ಲಿಷಿನಲ್ಲಿದ್ದ ಅದನ್ನು ಜತ್ತಪ್ಪ ಮಗಳಿಂದ ಓದಿಸಿ ಕೇಳಿ, ಇರಲಿ ಎಂದರು.

ಸಂಘದವರು ಅದೇ ಚರ್ಚೆಯನ್ನು ಸುಳ್ಯದಲ್ಲಿಯೂ ಇಟ್ಟಾಗ ವಸುಮತಿಯನ್ನು ಮಾತಾಡಲು ಕರೆದರು. ಅಪ್ಪನೂ ಬರುತ್ತೇನೆ ಎಂದು ಹೊರಟರು. ವೇದಿಕೆಯ ಮೇಲೆ ಅವಳು ಹೆಚ್ಚು ಹೇಳಲಿಲ್ಲ. ರೈಫಲ್ ಬದಲಾಗಬೇಕಾ ಬೇಡವಾ ಎಂಬುದನ್ನು ಅದನ್ನು ಹೊತ್ತು ನಡೆಯುವವರನ್ನು ಕೇಳಿ ತೀರ್ಮಾನ ಮಾಡಲಿ, ತನ್ನನ್ನು ಕೇಳಿದರೆ ಬದಲಾಗಬೇಕು ಎಂದಳು. ಯಾವ ರೈಫಲೇ ಆಗಲಿ, ಅದು ನಿಂತು ಒಬ್ಬ ಸತ್ತರೆ ಮೊದಲು ರೈಫಲನ್ನು ವಿಚಾರಿಸಲಿ, ಸತ್ತವನಿಗೆ ಉತ್ತರ ಕೊಡಲು ಬರುವುದಿಲ್ಲ ಎಂದಳು.

ಸಭೆ ಮುಗಿದ ಮೇಲೆ ಮೇದಪ್ಪ ತಮ್ಮ ಅಣ್ಣನ ಮಗ ಲತೀಶನನ್ನು ಪರಿಚಯ ಮಾಡಿಸಿದರು. ಸೇನೆಯಲ್ಲಿದ್ದವನು, ರಜೆಯಲ್ಲಿ ಬಂದಿದ್ದ. ಅವನ ಪಡೆಗೆ ಹೊಸ ರೈಫಲ್ ಬಂದಿತ್ತು. ಜತ್ತಪ್ಪ ಅವನ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

“ಅದು ನಿಲ್ತದಾ ಮಗಾ?”

“ಕಡಿಮೆ ಅಜ್ಜ. ನಿಲ್ಲುದೇ ಇಲ್ಲ ಅಂತ ಇಲ್ಲ.”

“ನಿಂತರೆ ಎಂತ ಮಾಡ್ತಿ?”

ಲತೀಶ ಕೈಯಲ್ಲೇ ತೋರಿಸಿದ, ಹೇಗೆ ಎಳೆಯುವುದು, ಹೇಗೆ ಬಿಡಿಸುವುದು ಎಂದು. ಜತ್ತಪ್ಪ ಅವನ ಬೆರಳುಗಳನ್ನೇ ನೋಡುತ್ತಿದ್ದರು.

“ಅದು ಸರಿ. ಮತ್ತೆ ಬರೆದು ಕೊಡು” ಎಂದರು. “ಬಾಯಲ್ಲಿ ಹೇಳಿ ಬಿಡುದಲ್ಲ. ಬದುಕಿ ವಾಪಸ್ ಬಂದ ದಿನವೇ, ಇಂಥ ಕಡೆ ನಿಂತಿತು ಅಂತ ನೀನೇ ಬರೆದು ಕೊಡು.”

“ಆಯ್ತು ಅಜ್ಜ” ಎಂದ ಲತೀಶ.

ಜತ್ತಪ್ಪ ಅವನ ಕೈಯನ್ನು ಬಿಡಲಿಲ್ಲ. ಪುತ್ತೂರಿನ ಬಸ್ಸು ಹೊರಡುತ್ತದೆ ಎಂದು ವಸುಮತಿ ಮೆಲ್ಲಗೆ ಕರೆದಳು. ಇನ್ನೊಂದರಲ್ಲಿ ಹೋಗುವ ಎಂದರು ಅವರು, ಮತ್ತೆ ಅವನ ಕಡೆಗೇ ತಿರುಗಿ, ಊಟ ಸರಿ ಸಿಗುತ್ತದಾ ಎಂದು ಕೇಳತೊಡಗಿದರು.