ವಾಪಸಾತಿಗೆ ಕಾರಣ

ಸರಳಕ್ಕ ಅನ್ನುವುದು ಅವಳ ಹೆಸರಲ್ಲ, ಕಚೇರಿಯವರು ಇಟ್ಟ ಅಡ್ಡಹೆಸರು. ವಿಮೆ, ವಿದ್ಯುತ್ತು, ಸಾಲ ಎಂದು ವ್ಯವಹಾರ ಮಾಡುವ ಕಂಪನಿಗಳ ಮೇಲೆ ಕಣ್ಣಿಡಲು ಸರ್ಕಾರ ಒಂದು ಮಂಡಳಿ ಮಾಡಿದೆಯಷ್ಟೆ, ಅದರ ಗ್ರಾಹಕ ವಿಭಾಗದಲ್ಲಿ ಅವಳಿಗೆ ಕರಪತ್ರ ಬರೆಯುವ ಕೆಲಸ. ವಕೀಲರು ಗೀಚಿದ ಎಂಟು ಸಾಲಿನ ಒಂದೇ ವಾಕ್ಯವನ್ನು ತಂದು ಮೇಜಿನ ಮೇಲೆ ಹಾಕಿದರೆ, ಅವಳು ಅದರ ಸಿಕ್ಕು ಬಿಡಿಸಿ, ಯಾರು ಬೇಕಾದರೂ ಓದುವ ಹಾಗೆ ಮಾಡಿಕೊಡಬೇಕು. ಹದಿನೆಂಟು ವರ್ಷದಿಂದ ಮಾಡಿಕೊಂಡು ಬಂದಿದ್ದಾಳೆ. ಕೆಲಸ ಮಾತ್ರ ಇವತ್ತಿಗೂ ಹಂಗಾಮಿ. ಮುಂದಿನ ವರ್ಷ ವಯಸ್ಸಾಯಿತೆಂದು ಬಿಡಿಸುತ್ತಾರೆ, ಪಿಂಚಣಿ ಗಿಂಚಣಿ ಏನೂ ಇಲ್ಲ. ಮುಪ್ಪಿಗೆ ನಾಲ್ಕು ಕಾಸು ಕೂಡಿಡಿ ಎಂದು ಜಗತ್ತಿಗೆಲ್ಲ ಬುದ್ಧಿ ಹೇಳುವ ಕಚೇರಿ ಇದು, ಚೆನ್ನಾಗಿದೆ ಅಲ್ಲವೇ!

ಆ ವಿಭಾಗದಲ್ಲಿ ಒಂದು ನಿಯಮವಿತ್ತು. ಯಾವುದೇ ಕರಪತ್ರ ಅಚ್ಚಿಗೆ ಹೋಗುವ ಮೊದಲು, ಕಚೇರಿಗೆ ಸಂಬಂಧವಿಲ್ಲದ ಒಬ್ಬರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಅವರಿಗೆ ತಿಳಿಯಿತೆಂದರೆ ಕಡತದ ಕೊನೆಯಲ್ಲಿ ‘ಓದಿ ಹೇಳಲಾಗಿದೆ, ಅರ್ಥವಾಗಿದೆ’ ಎಂದು ಬರೆದು ಸಹಿ ಹಾಕಬೇಕು. ಸರಳಕ್ಕ ಇನ್ಯಾರನ್ನು ಹುಡುಕಿಕೊಂಡು ಹೋದಾಳು? ಗಂಡ ಇದ್ದನಲ್ಲ.

ಗಂಡನದು ಎರಡು ಕುರ್ಚಿಯ ಕ್ಷೌರದಂಗಡಿ. ಸಂಜೆ ಐದೂವರೆಗೆ ಗಿರಾಕಿಗಳು ಸ್ವಲ್ಪ ಕಡಿಮೆ. ಅವಳು ಕಚೇರಿಯಿಂದ ನೇರ ಅಂಗಡಿಗೆ ಹೋಗಿ, ಖಾಲಿ ಕುರ್ಚಿಯಲ್ಲಿ ಕೂತು, ಚೀಲದಿಂದ ಹಾಳೆ ತೆಗೆದು ಓದುವಳು. ಅವನು ಕತ್ತರಿ ಒರೆಸುತ್ತಲೋ, ಬಾಚಣಿಗೆ ತೊಳೆಯುತ್ತಲೋ ಕೇಳುವನು. ‘ಅರ್ಥ ಆಯ್ತಾ?’ ಎಂದರೆ, ‘ನೀರು ಕುಡಿದಷ್ಟು ಸುಲಭ’ ಎನ್ನುವನು. ಅಷ್ಟಾದರೆ ಸಾಕು, ಅವಳು ಕುರ್ಚಿಯ ಕೈಮೇಲೆಯೇ ಹಾಳೆ ಇಟ್ಟು ಸಹಿ ಹಾಕಿಬಿಡುವಳು. ಮೀಟರು ಓದುವುದು ಹೇಗೆ, ಬಡ್ಡಿಯನ್ನು ಎಲ್ಲಿ ಬಚ್ಚಿಟ್ಟಿರುತ್ತಾರೆ, ಪಾಲಿಸಿ ಕೊಳ್ಳುವ ಮುಂಚೆ ಏನೇನು ಕೇಳಬೇಕು, ಎಲ್ಲವೂ ಆ ಅಂಗಡಿಯಲ್ಲೇ ಪಾಸಾಗಿ ಲೋಕಕ್ಕೆ ಹೋದವು. ಅವನಷ್ಟು ತಿಳಿವಳಿಕೆಯ ಗ್ರಾಹಕ ಇನ್ನೊಬ್ಬನಿಲ್ಲ ಎಂದು ಅವಳಿಗೆ ಒಳಗೊಳಗೇ ಜಂಬವಿತ್ತು.

ಆ ಸೋಮವಾರ ಅವಳು ಎಂದಿನಂತೆ ಹಿಂದಿನ ಕೋಣೆಯಲ್ಲಿರಲಿಲ್ಲ. ಮುಂದಿನ ಕೌಂಟರಿನಲ್ಲಿ ದೂರು ತೆಗೆದುಕೊಳ್ಳುವವರು ಹಲ್ಲುನೋವೆಂದು ರಜೆ ಹಾಕಿದ್ದರು. ‘ಒಂದು ದಿನ ಕೂತ್ಕೊಳ್ಳಿ ಸರಳಕ್ಕ’ ಎಂದರು ಮೇಲಧಿಕಾರಿ. ಬೆಂಚುಗಳ ತುಂಬ ಜನ, ಗೋಡೆಯ ಮೇಲೆ ಟೋಕನ್ ನಂಬರಿನ ಕೆಂಪು ದೀಪ. ನಲವತ್ತು ಮುಗಿಯಿತು. ಅವಳು ಗುಂಡಿ ಒತ್ತಿ, ‘ನಲವತ್ತೊಂದು’ ಎಂದಳು.

ಯಾರೂ ಏಳಲಿಲ್ಲ. ಮತ್ತೆ ಕರೆದಳು. ಕೊನೆಯ ಬೆಂಚಿನಲ್ಲಿ ಒಬ್ಬಾತ ಮುಖಕ್ಕೆ ಅಡ್ಡಲಾಗಿ ಪೇಪರು ಹಿಡಿದು ಕೂತಿದ್ದ. ಪಕ್ಕದವರು ಅವನ ಕೈಯಲ್ಲಿದ್ದ ಚೀಟಿ ನೋಡಿ, ‘ಸ್ವಾಮೀ, ನಿಮ್ದೇ ಕಣ್ರೀ, ಏಳಿ’ ಎಂದು ತಿವಿದರು. ಪೇಪರು ಕೆಳಗಿಳಿಯಿತು. ಅಯ್ಯೋ ದೇವರೇ, ಅವಳ ಗಂಡ!

ಅಂಗಡಿ ತೆರೆದಿರಬೇಕಾದ ಹೊತ್ತಿನಲ್ಲಿ, ಒಗೆದ ಷರ್ಟು ಹಾಕಿಕೊಂಡು, ಕಂಕುಳಲ್ಲಿ ಒಂದು ದಪ್ಪ ಕವರು ಅವುಚಿಕೊಂಡು, ಕಳ್ಳನ ಹಾಗೆ ಬಂದು ಕೌಂಟರಿನ ಮುಂದೆ ನಿಂತ. ಹೆಂಡತಿ ಒಳಗಿರುತ್ತಾಳೆ, ಹೊರಗಿಂದ ಹೊರಗೇ ಕೆಲಸ ಮುಗಿಸಿಕೊಂಡು ಹೋಗೋಣ ಎಂದು ಅವನ ಯೋಜನೆ. ಅವಳನ್ನೇ ಕೌಂಟರಿನಲ್ಲಿ ಕಂಡಾಗ ಎದ್ದು ಹೋಗಲೂ ಆಗದೆ ಸಿಕ್ಕಿಕೊಂಡಿದ್ದ.

‘ಹೇಳಿ,’ ಎಂದಳು ಅವಳು. ಹಿಂದೆ ಅಷ್ಟು ಜನ ನೋಡುತ್ತಿರುವಾಗ ಇನ್ನೇನು ಹೇಳುವುದು.

‘ಮೇಡಂ,’ ಎಂದ ಅವನು. ಮದುವೆಯಾದ ಮೇಲೆ ಅವಳನ್ನು ಅವನು ಮೇಡಂ ಎಂದದ್ದು ಅದೇ ಮೊದಲು. ‘ಒಂದು ವಿಮೆ ಮಾಡ್ಸಿದ್ದೆ, ಮೇಡಂ. ವಾಪಸ್ ಕೊಡ್ಬೇಕು. ಆದ್ರೆ ಟೈಮ್ ಆಗೋಯ್ತು. ಬೇರೆ ಏನಾದ್ರೂ ದಾರಿ ಇದ್ಯಾ ಅಂತ.’

‘ಎಷ್ಟು ಕಟ್ಟಿದೀರಿ?’

ಅವನು ಮೊತ್ತ ಹೇಳಲಿಲ್ಲ. ತಲೆ ತಗ್ಗಿಸಿ, ‘ಇದ್ದಿದ್ದೆಲ್ಲ’ ಎಂದ.

ಇದ್ದದ್ದೆಲ್ಲ ಎಂದರೆ ಎಷ್ಟೆಂದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ಅವಳ ಸಂಬಳದಲ್ಲಿ ತಿಂಗಳು ತಿಂಗಳು ಮಿಗಿಸಿದ್ದು, ಅವನ ಗಲ್ಲಾಪೆಟ್ಟಿಗೆಯಲ್ಲಿ ಉಳಿದದ್ದು, ಅವಳ ಕೆಲಸ ಹೋದ ಮೇಲೆ ಜೀವನಕ್ಕೆಂದು ಮುಟ್ಟದೆ ಇಟ್ಟದ್ದು. ಅದು ಬಿಟ್ಟರೆ ಅವರ ಹತ್ತಿರ ಮತ್ತೇನೂ ಇರಲಿಲ್ಲ. ಅವಳು ಕೈಚಾಚಿ ಕವರು ಇಸಿದುಕೊಂಡಳು.

ನಡೆದದ್ದು ಇಷ್ಟು. ಅಂಗಡಿಗೆ ಒಬ್ಬ ಏಜೆಂಟು ಬಂದು ಕುರ್ಚಿಯಲ್ಲಿ ಕೂತ. ಕ್ಷೌರ ಮಾಡುವವರ ಕಸುಬಿನಲ್ಲಿ ಒಂದು ಅಭ್ಯಾಸವಿದೆ: ಕುರ್ಚಿಯಲ್ಲಿ ಕೂತವನು ಏನೇ ಹೇಳಲಿ, ‘ಹೌದು ಸರ್, ನಿಜ ಸರ್’ ಎನ್ನುತ್ತಿರಬೇಕು. ರಾಜಕೀಯ ಮಾತಾಡಿದರೂ ಹೌದು, ಅತ್ತೆಯನ್ನು ಬೈದರೂ ಹೌದು. ತಲೆ ಅಲ್ಲಾಡಿದರೆ ಕತ್ತರಿ ತಪ್ಪುತ್ತದೆ, ವಾದ ಮಾಡಿದರೆ ಗಿರಾಕಿ ತಪ್ಪುತ್ತಾನೆ. ಏಜೆಂಟು ಹೇಳುತ್ತಾ ಹೋದ, ಇವನು ಹೌದು ಹೌದು ಎನ್ನುತ್ತಾ ಹೋದ. ಮೂರನೇ ಸಲ ಗಡ್ಡಕ್ಕೆ ಬರುವ ಹೊತ್ತಿಗೆ ಇವನ ಸಹಿಯಾದ ಅರ್ಜಿಯೂ ಏಜೆಂಟಿನ ಜೇಬಿನಲ್ಲಿತ್ತು. ಒಂದೇ ಸಲ ಕಟ್ಟಿ, ಮುಂದಿನ ವರ್ಷದಿಂದ ಹೆಂಡತಿಗೆ ತಿಂಗಳಿಗಿಷ್ಟು ಬರುತ್ತದೆ ಎಂದನಂತೆ. ಹೋದ ವಾರ ಯಾರೋ ನಿವೃತ್ತ ಮೇಷ್ಟ್ರು ಕ್ಷೌರಕ್ಕೆ ಬಂದಾಗ ಈ ಪಾಲಿಸಿ ಕಾಗದ ತೋರಿಸಿದರೆ, ಅವರು ಓದಿ ಹೇಳಿದ್ದೇ ಬೇರೆ. ಅಷ್ಟೇ ದುಡ್ಡನ್ನು ಪ್ರತಿ ವರ್ಷ, ಹತ್ತು ವರ್ಷ ಕಟ್ಟಬೇಕು. ಹನ್ನೊಂದನೆಯ ವರ್ಷದಿಂದ ಬರಲು ಶುರು. ನಡುವೆ ನಿಲ್ಲಿಸಿದರೆ ಕಟ್ಟಿದ್ದರಲ್ಲಿ ಮುಕ್ಕಾಲು ಪಾಲು ಗೋವಿಂದ.

‘ಟೈಮ್ ಆಗೋಯ್ತು ಅಂತ ಯಾರು ಹೇಳಿದ್ರು?’ ಕಾಗದ ತಿರುವುತ್ತಾ ಕೇಳಿದಳು.

‘ಮೂವತ್ತು ದಿನದೊಳಗೆ ವಾಪಸ್ ಕೊಡ್ಬಹುದು ಅಂತ ನೀನೇ... ನೀವೇ ಓದಿದ್ರಲ್ಲ ಮೇಡಂ, ಅಂಗಡೀಲಿ. ಅದೊಂದು ತಲೇಲಿತ್ತು. ಎಣಿಸಿ ನೋಡಿದೆ. ದುಡ್ಡು ಕಟ್ಟಿ ಇವತ್ತಿಗೆ ಮೂವತ್ನಾಲ್ಕು ದಿನ.’

‘ದುಡ್ಡು ಕಟ್ಟಿದ ದಿನದಿಂದಲ್ಲ! ಕಾಗದ ನಿಮ್ಮ ಕೈಗೆ ಬಂದ ದಿನದಿಂದ ಮೂವತ್ತು. ಅದೇ ಸಾಲಲ್ಲಿ, ಮೂವತ್ತರ ಹಿಂದೇನೇ ಇದೆ. ಎರಡು ಸಲ ಓದಿದೀನಿ!’ ಧ್ವನಿ ಏರಿತು, ಬೆಂಚಿನವರು ಕತ್ತು ಉದ್ದ ಮಾಡಿದರು. ಅವಳು ಕವರಿನ ಮೇಲಿನ ಅಂಚೆ ಮುದ್ರೆಯನ್ನು ಬೆಳಕಿಗೆ ಹಿಡಿದಳು. ದುಡ್ಡು ಕಟ್ಟಿದ ಹನ್ನೊಂದನೆಯ ದಿನ ಅದು ಅಂಗಡಿಗೆ ಬಂದಿತ್ತು. ಇವತ್ತು ಇಪ್ಪತ್ಮೂರು. ಇನ್ನೂ ಏಳು ದಿನ ಇತ್ತು.

ಬದುಕಿದೆಯಾ ಬಡಜೀವವೇ ಎಂದುಕೊಂಡಳು. ಕೈ ಕಾಲಿನಲ್ಲಿ ಜೀವ ಬಂದ ಹಾಗಾಯಿತು. ಜೀವ ಬಂದ ಬೆನ್ನಿಗೇ ಸಿಟ್ಟೂ ಬಂತು.

‘ಹಾಗಾದ್ರೆ ಅವತ್ತು ಅರ್ಥ ಆಯ್ತು ಅಂದಿದ್ದು?’

ಅವನು ಕೈಯಲ್ಲಿದ್ದ ಟೋಕನ್ ಚೀಟಿಯನ್ನು ಸಣ್ಣಗೆ ಮಡಚಿದ.

‘ಸುಳ್ಳಾ?’

‘ಮೇಡಂ, ಹಿಂದೆ ಜನ ಇದಾರೆ.’

‘ಇರ್ಲಿ. ಅದೊಂದೇನಾ, ಇಲ್ಲಾ ಎಲ್ಲಾನೂನಾ?’

ಅವನು ಕೌಂಟರಿನ ಅಂಚನ್ನು ಉಗುರಿನಿಂದ ಕೆರೆದ. ‘ಮೊದಲ್ನೇದು ನಿಜವಾಗ್ಲೂ ಕೇಳಿದ್ದೆ,’ ಎಂದ ಮೆಲ್ಲಗೆ. ‘ಕರೆಂಟ್ ಬಿಲ್ಲಿಂದು. ಅರ್ಥ ಆಗ್ಲಿಲ್ಲ ಅಂದೆ. ನೀನು ಊಟ ಬಿಟ್ಟು ಕೂತು ಆರು ಸಲ ಬರೆದೆ. ಕಣ್ಣೆಲ್ಲ ಕೆಂಪಾಗಿತ್ತು. ಆಮೇಲೆ ನಾನು ಯಾಕೆ ಅರ್ಥ ಆಗ್ಲಿಲ್ಲ ಅನ್ನಲಿ?’

ಹದಿನೆಂಟು ವರ್ಷದ ಕರಪತ್ರಗಳು! ಒಂದೊಂದರ ಕೆಳಗೂ ಅವಳ ಸಹಿ! ಅವಳಿಗೆ ಅಳು ಬಂದ ಹಾಗಾಯಿತು, ಬೈಯಬೇಕು ಅನ್ನಿಸಿತು, ಅವನ ಒಗೆದ ಷರ್ಟಿನ ಕಾಲರು ಒಂದು ಕಡೆ ಮಡಚಿಕೊಂಡಿದ್ದನ್ನು ಸರಿಮಾಡಬೇಕು ಅನ್ನಿಸಿತು. ನಡುವೆ ಗಾಜಿತ್ತು. ಇದನ್ನೆಲ್ಲ ಮೇಲಧಿಕಾರಿಗೆ ಹೇಳಲೇಬೇಕು, ನಾಳೆ ಹೇಳುತ್ತೇನೆ, ಇವತ್ತು ಮೊದಲು ದುಡ್ಡು ಉಳಿಯಲಿ ಎಂದು ತೀರ್ಮಾನಿಸಿದಳು.

ಅಲ್ಲಿ ಇನ್ನೊಂದು ತೊಡಕು. ಸ್ವಂತ ಸಂಬಂಧಿಕರ ಅರ್ಜಿಯನ್ನು ಸಿಬ್ಬಂದಿ ಬರೆಯುವಂತಿಲ್ಲ, ಬರೆಸುವಂತಿಲ್ಲ. ಅವಳು ಪಕ್ಕದ ಮೇಜಿನ ಕನ್ನಡಕದ ಹುಡುಗಿಯನ್ನು ಕರೆದಳು. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗದ ಕಿರಿಯ ಅಧಿಕಾರಿ, ಬಹಳ ಚೂಟಿ.

‘ಇವರದೊಂದು ಪಾಲಿಸಿ ವಾಪಸಾತಿ ಇದೆ. ನೀನೇ ನೋಡಮ್ಮ. ಇವರು ನನಗೆ ಆಗ್ಬೇಕಾದವರು.’

‘ಏನಾಗ್ಬೇಕು ಅಕ್ಕ?’

‘ಗಂಡ ಆಗ್ಬೇಕು,’ ಎಂದಳು ಸರಳಕ್ಕ. ಬೆಂಚಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಹುಡುಗಿ ಅವನನ್ನು ಕಿಟಕಿಯ ಹತ್ತಿರದ ಮೇಜಿಗೆ ಕರೆದೊಯ್ದು ಫಾರಂ ಕೊಟ್ಟಳು. ಹೆಸರು, ಪಾಲಿಸಿ ಸಂಖ್ಯೆ, ಕಾಗದ ಕೈಸೇರಿದ ದಿನ, ಎಲ್ಲ ಸರಾಗವಾಗಿ ತುಂಬಿದವು. ಕೆಳಗೆ ‘ವಾಪಸಾತಿಗೆ ಕಾರಣ’ ಎಂದು ನಾಲ್ಕು ಗೆರೆ. ‘ಷರತ್ತು ಒಪ್ಪಿಗೆ ಇಲ್ಲ ಅಂತ ಬರೆದುಬಿಡಿ ಅಂಕಲ್, ಸಾಕು’ ಎಂದಳು ಹುಡುಗಿ. ಅವನು ಪೆನ್ನು ಹಿಡಿದುಕೊಂಡು ಕೂತ. ‘ಒಂದ್ನಿಮಿಷ ಕೊಡಮ್ಮ, ನಾನೇ ಬರೀತೀನಿ’ ಎಂದ.

ಒಂದು ನಿಮಿಷವಲ್ಲ, ಮುಕ್ಕಾಲು ಗಂಟೆ. ಸರಳಕ್ಕ ಅಷ್ಟರಲ್ಲಿ ಆರು ಟೋಕನ್ ಮುಗಿಸಿದಳು. ಖಾಲಿ ಮನೆಗೆ ಮೂರು ಪಟ್ಟು ಕರೆಂಟ್ ಬಿಲ್ಲು ಬಂದ ಹೆಂಗಸೊಬ್ಬರು, ‘ನಮ್ಮನೇಲಿ ದೆವ್ವ ಮಿಕ್ಸಿ ಹಾಕುತ್ತಾ ಮೇಡಂ?’ ಎಂದು ಜಗಳಕ್ಕೇ ನಿಂತರು. ಸರಳಕ್ಕನ ಕಿವಿ ಅವರ ಕಡೆ, ಕಣ್ಣು ಕಿಟಕಿಯ ಕಡೆ. ಅವನು ಬರೆಯುತ್ತಿದ್ದ, ನಿಲ್ಲಿಸುತ್ತಿದ್ದ, ನೆತ್ತಿ ಕೆರೆದುಕೊಳ್ಳುತ್ತಿದ್ದ, ಇನ್ನೊಂದು ಹಾಳೆ ಕೇಳಿ ಇಸಿದುಕೊಳ್ಳುತ್ತಿದ್ದ. ಅಂಗಡಿಯ ಬೋರ್ಡು ಬಿಟ್ಟರೆ ಅವನು ಬೇರೇನನ್ನೂ ಬರೆದದ್ದು ಅವಳು ನೋಡಿರಲಿಲ್ಲ.

ಹುಡುಗಿ ಫಾರಂ ಹಿಡಿದುಕೊಂಡು ಬಂದು, ಕೌಂಟರಿನೊಳಗೆ ಅವಳ ಪಕ್ಕ ನಿಂತಳು. ‘ಅಕ್ಕ, ಎಲ್ಲಾ ಸರಿ ಇದೆ, ಇವತ್ತೇ ಸೀಲ್ ಹಾಕಿ ಕಳಿಸ್ತೀನಿ, ದುಡ್ಡು ಬಂದೇ ಬರುತ್ತೆ. ಆದ್ರೆ ಈ ಕಾರಣ... ಕಂಪನಿಯವರಿಗೆ ಒಂದು ಸಾಲು ಸಾಕು. ಕಡಿಮೆ ಮಾಡೋಣ ಅಂದ್ರೆ ನನಗೆ ಕೈ ಬರ್ತಿಲ್ಲ. ಒಂದ್ಸಲ ನೋಡಿ.’

ಸರಳಕ್ಕ ಓದಿದಳು. ಅಕ್ಷರಗಳು ದೊಡ್ಡವು, ಒಂದೊಂದೂ ಬೇರೆ ಬೇರೆ ನಿಂತಿದ್ದವು.

‘ನನಗೆ ಭಾನುವಾರವೇ ಹೆಚ್ಚು ಗಿರಾಕಿ. ನನ್ನ ಹೆಂಡತಿಗೆ ಭಾನುವಾರ ಮಾತ್ರ ರಜೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು. ಕಾಯಿಲೆ ಬಿದ್ದ ದಿನ ಬಿಟ್ಟು ಒಂದು ಮಧ್ಯಾಹ್ನವೂ ಇಬ್ಬರೂ ಮನೆಯಲ್ಲಿ ಒಟ್ಟಿಗೆ ಇದ್ದದ್ದಿಲ್ಲ. ಅವಳು ಕೆಲಸ ಬಿಟ್ಟ ಮೇಲೆ ಅವಳಿಗೆ ತಿಂಗಳು ತಿಂಗಳು ಬಂದರೆ ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಹೋಗಬಹುದು ಎಂದು ಇದನ್ನು ಮಾಡಿಸಿದೆ. ನಿಮ್ಮ ಪಾಲಿಸಿಯಲ್ಲಿ ಹತ್ತು ವರ್ಷ ಕಾಯಬೇಕಂತೆ. ನನಗೀಗ ಅರವತ್ತೊಂದು. ಅಷ್ಟು ಕಾಯಲು ನನಗೆ ಆಗುವುದಿಲ್ಲ. ಇದನ್ನೆಲ್ಲ ಅವಳು ಮೊದಲೇ ಓದಿ ಹೇಳಿದ್ದಳು. ಅವಳು ಓದುವಾಗ ನಾನು ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದೆ. ಆ ಕಾಲು ಗಂಟೆ ಬಿಟ್ಟರೆ ನೋಡಲು ಬೇರೆ ಹೊತ್ತು ಇರಲಿಲ್ಲ. ತಪ್ಪು ನನ್ನದು, ಅವಳ ಕರಪತ್ರದ್ದಲ್ಲ. ದಯಮಾಡಿ ಹಣ ವಾಪಸು ಕೊಡಿ.’

ಸರಳಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಎಷ್ಟು ಒರೆಸಿದರೂ ಕಣ್ಣೀರು ನಿಲ್ಲಲಿಲ್ಲ. ದೆವ್ವದ ಮನೆಯ ಹೆಂಗಸು ಜಗಳ ಮರೆತು, ‘ಏನಾಯ್ತಮ್ಮ?’ ಎಂದರು. ಏನೂ ಇಲ್ಲವೆಂದು ಅವಳು ತಲೆಯಾಡಿಸಿದಳು.

‘ಕಡಿಮೆ ಮಾಡಲಾ ಅಕ್ಕ?’ ಎಂದಳು ಹುಡುಗಿ.

‘ಒಂದಕ್ಷರ ಮುಟ್ಬೇಡ. ಹಾಗೇ ಕಳಿಸು.’

ಹುಡುಗಿ ಸೀಲು ಹಾಕಿ, ಎರಡು ಜೆರಾಕ್ಸ್ ತೆಗೆದಳು. ಮೂಲ ಪ್ರತಿ ಕಂಪನಿಗೆ, ಒಂದು ಜೆರಾಕ್ಸ್ ಕಚೇರಿಯ ಕಡತಕ್ಕೆ, ಇನ್ನೊಂದು ಅರ್ಜಿದಾರರಿಗೆ. ಅವನು ಕೌಂಟರಿಗೆ ಬಂದು, ಮುಖ ಎತ್ತಿ ನೋಡಲು ಧೈರ್ಯ ಸಾಲದೆ, ಗಾಜಿನ ಕೆಳಗಿನ ಕಿಂಡಿಯಲ್ಲಿ ಕೈ ಚಾಚಿದ.

‘ನನ್ನ ಪ್ರತಿ ಕೊಡ್ತೀರಾ, ಮೇಡಂ?’

ಅವಳು ಅಷ್ಟರಲ್ಲಿ ಅದನ್ನು ನಾಲ್ಕಾಗಿ ಮಡಚಿ ತನ್ನ ಚೀಲದೊಳಗೆ ಇಟ್ಟುಕೊಂಡು ಜಿಪ್ಪು ಎಳೆದಿದ್ದಳು.

‘ಕೊಡಲ್ಲ, ಹೋಗ್ರೀ,’ ಎಂದಳು. ಹಾಗೆಂದವಳು, ಕಿಂಡಿಯಲ್ಲಿದ್ದ ಅವನ ಕೈಯನ್ನು ಹಿಡಿದುಕೊಂಡಳು, ಮತ್ತೆ ಬಿಡಲಿಲ್ಲ. ಗೋಡೆಯ ಮೇಲೆ ಮುಂದಿನ ನಂಬರು ಬೆಳಗಿತು, ನಂಬರಿನವರು ಎದ್ದು ಬಂದು ಹಿಂದೆ ನಿಂತರು. ಅವರೂ ಏನೂ ಅನ್ನದೆ ಕಾದರು.